ಏಕಾದಶಿಯ ರೊಟ್ಟಿ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಈ ಗಾದೆಯನ್ನು ನಾನು ಪಾಠ ಹೇಳುವ ಶಾಲೆಯ ಗೋಡೆಗೆ ನಾನೇ ಮುಂದೆ ನಿಂತು ನೀಲಿ ಬಣ್ಣದಲ್ಲಿ ಬರೆಸಿದ್ದೆ. ಆದರೆ ನಮ್ಮ ಮನೆಯಲ್ಲಿ ಎರಡರಲ್ಲಿ ಒಂದನ್ನಾದರೂ ಬಲ್ಲವರು ಇರಲಿಲ್ಲ. ಅತ್ತೆಗೆ ಊಟ ಗೊತ್ತಿರಲಿಲ್ಲ, ನನಗೆ ಮಾತು ಗೊತ್ತಿರಲಿಲ್ಲ. ಮಾವನಿಗೆ ಎರಡರ ಗೊಡವೆಯೂ ಬೇಡವಾಗಿತ್ತು. ನನ್ನ ಗಂಡ ಬೆಳಿಗ್ಗೆ ಚಿಕ್ಕೋಡಿಯ ಬಸ್ಸು ಹಿಡಿದು ಕಚೇರಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಅಷ್ಟರಲ್ಲಿ ನಮ್ಮ ಜಗಳಗಳೆಲ್ಲ ಮುಗಿದು ಮನೆ ತಣ್ಣಗಾಗಿರುತ್ತಿತ್ತು.

ನಾನು ರಾಯಬಾಗ ತಾಲೂಕಿನ ಪಾಲಬಾವಿಯವಳು. ಮದುವೆಯಾಗಿ ಅಕ್ಕೋಳಕ್ಕೆ ಬಂದೆ. ದೂರವೇನೂ ಅಲ್ಲ. ಆದರೂ ತವರಿನಲ್ಲಿ ಸಂತೆಗೆ ಹೋದಾಗಷ್ಟೇ ಕಿವಿಗೆ ಬೀಳುತ್ತಿದ್ದ ಮರಾಠಿ ಇಲ್ಲಿ ಅಡುಗೆಮನೆಯೊಳಗೇ ಕುಳಿತಿತ್ತು. ಅದರ ಜೊತೆಗೆ ತವರಿನಲ್ಲಿ ಯಾರೂ ಹಿಡಿಯದ ಏಕಾದಶಿಯೂ ಇತ್ತು. ನನ್ನ ಅತ್ತೆ ಮಾಳ ಹಾಕಿಕೊಂಡವರು. ಕೊರಳಿಗೆ ತುಳಸಿಮಣಿಯ ಆ ಮಾಲೆ ಬಿತ್ತೆಂದರೆ ತಿಂಗಳಿಗೆ ಎರಡು ಏಕಾದಶಿ ಉಪವಾಸ ಹಿಡಿಯಬೇಕು, ವರ್ಷಕ್ಕೊಮ್ಮೆ ಆಷಾಢದಲ್ಲಿ ದಿಂಡಿಯ ಜೊತೆ ಪಂಢರಪುರಕ್ಕೆ ನಡೆದು ಹೋಗಬೇಕು. ದಿಂಡಿ ಎಂದರೆ ತಾಳ ಬಾರಿಸುತ್ತ, ಪತಾಕೆ ಹಿಡಿದು ಹಾಡುತ್ತ ನಡೆಯುವವರ ಗುಂಪು. ನಮ್ಮ ಕಡೆಯ ದಿಂಡಿ ಊರು ಬಿಟ್ಟು ವಿಠ್ಠಲನ ಬಾಗಿಲು ಮುಟ್ಟಲು ಹದಿನಾಲ್ಕು ದಿನ ಬೇಕು. ಅತ್ತೆ ಇಪ್ಪತ್ತೆರಡು ವರ್ಷ ನಡೆದಿದ್ದರು, ಒಂದು ವರ್ಷವೂ ತಪ್ಪಿಸಿರಲಿಲ್ಲ.

ಎರಡು ಸಾವಿರದ ಹತ್ತರ ಆಚೀಚಿನ ಒಂದು ಚಳಿಗಾಲ. ಕಬ್ಬು ಕಡಿದ ಹೊಲದಲ್ಲಿ ಅತ್ತೆ ಎಮ್ಮೆಗೆ ರವದಿ, ಅಂದರೆ ಕಬ್ಬಿನ ಗರಿ, ಆಯುತ್ತಿದ್ದಾಗ ಕಾಲಿಗೆ ಕಬ್ಬಿನ ಕೂಳೆ ಚುಚ್ಚಿತು. ಚುಚ್ಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಸಂಜೆ ಅಂಗಳದಲ್ಲಿ ಕಾಲು ತೊಳೆಯುವಾಗ ನೀರು ಕೆಂಪಾಗಿದ್ದನ್ನು ಕಂಡು, ಇದು ಯಾರ ರಕ್ತ ಎಂದು ನನ್ನನ್ನು ಕೇಳಿದರು. ಅರಿಷಿಣ ಒತ್ತಿದೆವು, ಬಟ್ಟೆ ಕಟ್ಟಿದೆವು. ಎರಡು ವಾರವಾದರೂ ಬಲಗಾಲಿನ ಹೆಬ್ಬೆರಳ ಬುಡದ ಆ ಗಾಯ ಮಾಯಲಿಲ್ಲ, ಬದಲಿಗೆ ಅಗಲವಾಯಿತು. ಆಗ ನಿಪ್ಪಾಣಿಗೆ ಕರೆದುಕೊಂಡು ಹೋದೆ.

ನಿಪ್ಪಾಣಿಯ ಡಾಕ್ಟರಬಾಯಿ ಗಾಯ ನೋಡಿದರು, ರಕ್ತ ತೆಗೆಸಿದರು, ಚೀಟಿ ನೋಡಿದರು. ಆಮೇಲೆ ಕುರ್ಚಿಯನ್ನು ಅತ್ತೆಯ ಹತ್ತಿರಕ್ಕೆ ಎಳೆದುಕೊಂಡು ಹೇಳಿದರು.

“ಆಯಿ, ನಿಮಗ ಸಕ್ರಿ ಬ್ಯಾನಿ ಐತಿ. ಭಾಳ ದಿನದಿಂದ ಇದ್ದಂಗ ಐತಿ. ನಾ ಗುಳಗಿ ಕೊಡ್ತೀನಿ, ಪಟ್ಟಿ ಕಟ್ತೀನಿ. ಆದ್ರ ಬೆರಳ ಉಳಸೂದು ಅರ್ಧಾ ನಿಮ್ಮ ತಾಟಿನ್ಯಾಗ ಐತಿ ನೋಡ್ರಿ. ಸಕ್ರಿ ಏರೂದೂ ಬ್ಯಾಡ, ಒಮ್ಮಿಗಿಲೆ ಇಳಿಯೂದೂ ಬ್ಯಾಡ, ಒಂದ ಸಮ ಇರಬೇಕು. ಇಲ್ಲಂದ್ರ ಬೆರಳ ತಗೀಬೇಕಾಗ್ತೈತಿ.”

ಬೇರೆಯವರಾಗಿದ್ದರೆ ಅಳುತ್ತಿದ್ದರು. ಅತ್ತೆ ಒಂದೇ ಒಂದು ಪ್ರಶ್ನೆ ಕೇಳಿದರು.

“ಬೆರಳಿಲ್ಲದ ನಡ್ಯಾಕ ಬರ್ತೈತೇನ್ರಿ?”

“ಎಲ್ಲಿಗಿ?”

“ಪಂಢರಪುರಕ್ಕ.”

ಡಾಕ್ಟರಬಾಯಿ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಆ ದಿನದಿಂದ ನಮ್ಮ ಮನೆಯಲ್ಲಿ ಇದ್ದ ಮಾತು ಇದೊಂದೇ: ಆ ಕಾಲು ಉಳಿಯುತ್ತದೋ ಇಲ್ಲವೋ, ಅತ್ತೆ ಮತ್ತೆ ನಡೆಯುತ್ತಾರೋ ಇಲ್ಲವೋ.

ಸಕ್ಕರೆ ಕಾಯಿಲೆಯವರ ಊಟವೆಂದರೆ ಏನೋ ಬೇರೆಯೇ ಊಟ, ಪೇಟೆಯಿಂದ ತರಬೇಕಾದದ್ದು ಎಂದು ನಾನು ತಿಳಿದಿದ್ದೆ. ಓದಿದವಳಲ್ಲವೇ! ನಿಪ್ಪಾಣಿಯ ಅಂಗಡಿಯಿಂದ ಸಕ್ಕರೆ ಇಲ್ಲದ ಬಿಸ್ಕತ್ತಿನ ಪೊಟ್ಟಣಗಳನ್ನು ಹೊತ್ತು ತಂದೆ. ಸಕ್ಕರೆ ಇಲ್ಲವೆಂದ ಮೇಲೆ ಹೆದರಿಕೆ ಏಕೆಂದು ಅತ್ತೆ ಒಂದು ಪೊಟ್ಟಣವನ್ನು ಒಂದೇ ಮಧ್ಯಾಹ್ನಕ್ಕೆ ಮುಗಿಸಿದರು. ಸಂಜೆ ಬೆರಳಿಗೆ ಸೂಜಿ ಚುಚ್ಚಿ ನೋಡಿದರೆ ಸಕ್ಕರೆ ಏರಿ ಕುಳಿತಿತ್ತು. ಗಂಡ ಚಿಕ್ಕೋಡಿಯಿಂದ ಸಕ್ಕರೆ ಅಳೆಯುವ ಅಂಗೈಯಗಲದ ಯಂತ್ರವನ್ನು ಆ ವಾರವಷ್ಟೇ ತಂದಿದ್ದರು. ಮನೆಯಲ್ಲಿ ಏನು ತಿಂದರೂ ಹೊರಗೆ ಹೇಳುತ್ತದೆಂದು ಅತ್ತೆ ಅದಕ್ಕೆ ಚಾಡಿಖೋರ ಎಂದು ಹೆಸರಿಟ್ಟರು.

“ತಗೀ ಆ ಚಾಡಿಖೋರನ್ನ. ಏನಂತಾನ ನೋಡೂಣು,” ಎಂದು ಬೆರಳು ಮುಂದೆ ಮಾಡುತ್ತಿದ್ದರು.

ಅಕ್ಷರ ಬಾರದ ಅತ್ತೆ ಆ ಪುಟ್ಟ ಗಾಜಿನ ಮೇಲಿನ ಅಂಕಿಗಳನ್ನು ಹತ್ತು ದಿನದಲ್ಲಿ ಓದಲು ಕಲಿತರು. ಮೂವತ್ತು ಮಕ್ಕಳಿಗೆ ಅಂಕಿ ಕಲಿಸುವಾಗ ನನಗೆ ಒಂದು ವರ್ಷ ಹಿಡಿಯುತ್ತದೆ. ಕಲಿತ ಮೇಲೆ ಸುಮ್ಮನಿರಲಿಲ್ಲ, ತಮ್ಮ ಊಟವನ್ನೇ ಪರೀಕ್ಷೆಗೆ ಕೂರಿಸಿದರು. ಒಂದು ದಿನ ಅನ್ನ ಸಾರನ್ನೇ ಮೊದಲು ಉಂಡು, ಎರಡು ತಾಸು ಬಿಟ್ಟು ಬೆರಳು ಕೊಟ್ಟರು. ಇನ್ನೊಂದು ದಿನ ಅದೇ ಅಡುಗೆಯನ್ನು ಹಿಂದುಮುಂದು ಮಾಡಿದರು. ಮೊದಲು ಹಸಿ ಹಕ್ಕರಿಕೆ ಸೊಪ್ಪು ಒಂದು ಹಿಡಿ, ಆಮೇಲೆ ಮೆಂತೆ ಪಲ್ಯ, ಗಟ್ಟಿ ಬೇಳೆ, ಅದರ ಜೊತೆ ಒಂದು ಜೋಳದ ರೊಟ್ಟಿ, ಕೊನೆಗೆ ಅನ್ನ ಮೂರೇ ತುತ್ತು. ಎರಡು ತಾಸು ಬಿಟ್ಟು ನೋಡಿದರೆ ಅಂಕಿ ಎಷ್ಟೋ ಕೆಳಗೆ! ನನಗೆ ನಂಬಿಕೆಯಾಗದೆ ಇನ್ನೊಂದು ಬೆರಳಿಗೆ ಚುಚ್ಚಿದೆ. ಅದೂ ಅಷ್ಟೇ ಹೇಳಿತು.

ಅದೇ ಒಲೆ, ಅದೇ ಗಡಿಗೆ, ಅದೇ ಕೈ. ತಿನ್ನುವ ಸರತಿ ಬದಲಿಸಿದ್ದಕ್ಕೆ ಒಳಗೆ ಯಾರೋ ಕುಳಿತು ಲಕ್ಷ್ಯಗೊಟ್ಟು ನೋಡಿ, ಸರಿ, ಇವತ್ತು ಬಿಟ್ಟಿದ್ದೇನೆ ಅಂದ ಹಾಗಿತ್ತು. ಅರವತ್ತು ವರ್ಷ ದುಡಿದ ಒಂದು ಮೈ ಹೀಗೆ ತುತ್ತುತುತ್ತಿಗೂ ಜವಾಬು ಕೊಡುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ವಿಜ್ಞಾನದ ಪಾಠದಲ್ಲಿ ಜೀರ್ಣಾಂಗದ ಚಿತ್ರ ಬರೆದು ಬಣ್ಣ ತುಂಬಿಸುತ್ತಿದ್ದೆ, ಅಷ್ಟೇ. ಅತ್ತೆಯ ಬೆರಳ ತುದಿಯ ಆ ಒಂದು ಹನಿಯ ಮುಂದೆ ನಾನು ಬೆರಗಾಗಿ ಕುಳಿತೆ.

ಆದರೆ ಈ ಸುಖ ಬಹಳ ದಿನ ಇರಲಿಲ್ಲ. ವಾರಕ್ಕೆ ಎರಡು ಸಲ ಚುಚ್ಚುತ್ತಿದ್ದೆವು. ನಾಲ್ಕು ಸಲ ಒಳ್ಳೆಯದು ಬಂದರೆ ಐದನೆಯ ಸಲ ಅಂಕಿ ಧಡಕ್ಕನೆ ಮೇಲೆ ಹಾರುತ್ತಿತ್ತು. ಯಾಕೆಂದು ತಿಳಿಯುತ್ತಿರಲಿಲ್ಲ. ನಿಪ್ಪಾಣಿಗೆ ಹೋದಾಗಲೆಲ್ಲ ಡಾಕ್ಟರಬಾಯಿ ಪಟ್ಟಿ ಬಿಚ್ಚಿ ಗಾಯದ ಅಂಚು ನೋಡಿ ತುಟಿ ಒತ್ತಿ ಹಿಡಿಯುತ್ತಿದ್ದರು. ಗಾಯ ಇದ್ದ ಹಾಗೇ ಇತ್ತು.

ನನಗೆ ಒಂದೇ ಅನುಮಾನ. ಮುದುಕಿ ಕದ್ದು ತಿನ್ನುತ್ತಿದ್ದಾರೆ! ನಾನು ಮಾಸ್ತರಿಕೆ ಮಾಡುವವಳು, ಕಳ್ಳತನ ಹಿಡಿಯುವುದು ನನಗೆ ಅಭ್ಯಾಸ. ಸಕ್ಕರೆ ಡಬ್ಬಿಯ ಮುಚ್ಚಳಕ್ಕೆ ದಾರ ಸುತ್ತಿ ನನಗೊಬ್ಬಳಿಗೇ ಗೊತ್ತಾಗುವ ಗಂಟು ಹಾಕಿದೆ. ಬೆಲ್ಲದ ಪೆಂಟೆಯ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದೆ. ಗಂಟು ಬಿಚ್ಚಲಿಲ್ಲ, ಗೆರೆ ಅಳಿಯಲಿಲ್ಲ, ಸಕ್ಕರೆ ಮಾತ್ರ ಏರಿತು. ಒಂದು ಗುರುವಾರ ನನ್ನ ಸಿಟ್ಟು ನೆತ್ತಿಗೇರಿತು.

“ಅತ್ತಿ, ಖರೇ ಹೇಳ್ರಿ. ಏನ ತಿಂದ್ರಿ?”

“ಇವತ್ತ ಉಪಾಸ ಐತಿ ಬೇ. ಏನ ತಿನ್ಲಿ? ನೀ ಮಾಡಿದ ಖಿಚಡಿ ಅಷ್ಟ ತಿಂದೀನಿ.”

“ಖಿಚಡಿ ನಾನ ಮಾಡೀನ್ರಿ. ಅದರಾಗ ಒಂದ ಚಿಟಕಿ ಸಕ್ರಿ ಹಾಕಿಲ್ಲ. ಮತ್ತ ಇದು ಎಲ್ಲಿಂದ ಬಂತು? ಆಕಾಶದಿಂದ ಉದುರಿತೇನು?”

ಅತ್ತೆ ಕೊರಳಿನ ಮಾಲೆಯನ್ನು ಮುಟ್ಟಿದರು. “ಈ ಮಾಳದ ಆಣಿ. ಕದ್ದ ತಿಂದಿಲ್ಲ. ನಿನ್ನ ಶಾಲಿ ಹುಡುಗೂರನ್ನ ಕೇಳಿದಂಗ ನನ್ನ ಕೇಳಬ್ಯಾಡ ಅಕ್ಕೋರ.”

ಅಕ್ಕೋರು ಎಂದರೆ ನಮ್ಮ ಕಡೆ ಶಾಲೆಯ ಶಿಕ್ಷಕಿ. ಅತ್ತೆ ನನ್ನನ್ನು ಹಾಗೆ ಕರೆದರೆ ಸಿಟ್ಟು ಬಂದಿದೆ ಎಂದು ಅರ್ಥ. ಆಮೇಲೆ ನಾಲ್ಕು ದಿನ ಮಾತು ಬಿಟ್ಟರು. ಮಾತಿನ ಜೊತೆ ಊಟವನ್ನೂ ಬಿಡತೊಡಗಿದರು. ಮೊದಲು ಏಕಾದಶಿ ಎರಡೇ ಇದ್ದವು. ಈಗ ಸಂಕಷ್ಟಿ ಸೇರಿತು, ಸೋಮವಾರ ಸೇರಿತು, ಗುರುವಾರ ಮೊದಲೇ ಸೇರಿತ್ತು. ಹೊಟ್ಟೆ ಖಾಲಿ ಇದ್ದರೆ ಸಕ್ಕರೆ ತಾನೇ ಇಳಿಯುತ್ತದೆ ಎಂದು ಅವರ ಲೆಕ್ಕ. ನನಗೂ ಅದು ಸರಿ ಅನಿಸಿತು. ಡಾಕ್ಟರಬಾಯಿಗೂ ಹೆಮ್ಮೆಯಿಂದ ಹೇಳಿದೆ, ನಮ್ಮ ಅತ್ತೆ ವಾರಕ್ಕೆರಡು ದಿನ ಏನೂ ತಿನ್ನುವುದಿಲ್ಲ ಎಂದು.

ಏನೂ ತಿನ್ನುವುದಿಲ್ಲ! ನಮ್ಮ ಕಡೆ ಉಪವಾಸವೆಂದರೆ ಏನೆಂದು ತಿಳಿಯದವರಿಗೆ ಹೇಳುತ್ತೇನೆ. ರೊಟ್ಟಿ ಇಲ್ಲ, ಅನ್ನ ಇಲ್ಲ, ಬೇಳೆ ಇಲ್ಲ. ಅದರ ಬದಲು ಶಾಬೂದಾಣಿಯನ್ನು, ಅಂದರೆ ಸಬ್ಬಕ್ಕಿಯನ್ನು, ನೆನೆಹಾಕಿ, ತುಪ್ಪದಲ್ಲಿ ಹುರಿದು, ಬಟಾಟೆ ಕೊಚ್ಚಿ ಹಾಕಿ, ಶೇಂಗಾ ಪುಡಿ ಉದುರಿಸಿ ಮಾಡಿದ ಖಿಚಡಿ ಇದೆ. ಬೇಯಿಸಿದ ಗೆಣಸು ಇದೆ. ಎರಡು ಬಾಳೆಹಣ್ಣು ಇದೆ. ಇದನ್ನೆಲ್ಲ ತಿಂದವರು ಸಂಜೆ ಸುಸ್ತಾದ ದನಿಯಲ್ಲಿ, ಇವತ್ತು ನಮ್ಮದು ಉಪಾಸ ಅನ್ನುತ್ತಾರೆ. ಮಾವ ಪ್ರತಿ ಏಕಾದಶಿಗೂ ಖಿಚಡಿಯ ತಾಟಿನ ಮುಂದೆ ಕುಳಿತು, “ಏಕಾದಶಿ, ದುಪ್ಪಟ್ ಖಾಶಿ” ಎಂದು ಮರಾಠಿಯಲ್ಲಿ ನಗುತ್ತಿದ್ದರು. ಏಕಾದಶಿ ಬಂತೆಂದರೆ ಎರಡು ಪಟ್ಟು ತಿನ್ನುತ್ತೀ ಎಂದರ್ಥ. ನಾವೂ ನಗುತ್ತಿದ್ದೆವು, ನಕ್ಕು ಇನ್ನೊಂದು ಸೌಟು ಬಡಿಸುತ್ತಿದ್ದೆವು.

ಖಿಚಡಿ ಮಾಡಲು ನನಗೆ ಕಲಿಸಿದವರು ಅತ್ತೆಯೇ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಮಾಡಿದ್ದು ಅಂಟಿನ ಮುದ್ದೆಯಾಗುತ್ತಿತ್ತು. ಆಮೇಲೆ ಕಾಳು ಕಾಳು ಬಿಡಿಬಿಡಿಯಾಗಿ, ಮುತ್ತಿನ ಹಾಗೆ ಉದುರುವಂತೆ ಮಾಡಲು ಕಲಿತೆ. ಓಣಿಯ ಹೆಂಗಸರ ಮುಂದೆ ಅತ್ತೆ, ನನಗಿಂತ ಇಕಿ ಛಲೋ ಮಾಡ್ತಾಳ ಅಂದ ದಿನ ನನಗೆ ಪಗಾರ ಬಂದ ದಿನಕ್ಕಿಂತ ಸಂತೋಷವಾಗಿತ್ತು.

ಒಂದು ಭಾನುವಾರ, ತಿಂಗಳು ಮುಗಿದಿತ್ತೆಂದು ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಲು ಹೋದೆ. ಚಾಡಿಖೋರ ಹೇಳಿದ ಅಂಕಿಗಳನ್ನು ನಾನು ಅದರ ಮೇಲೆಯೇ ಆಯಾ ತಾರೀಕಿನ ಮನೆಯಲ್ಲಿ ಬರೆಯುತ್ತಿದ್ದೆ. ಹೆಚ್ಚು ಬಂದದ್ದಕ್ಕೆ ಶಾಲೆಯ ಚಾಳಿಯಂತೆ ಕೆಂಪು ಶಾಯಿಯ ಸುತ್ತು. ಆ ದಿನ ಕನ್ನಡಕ ಹಾಕಿಕೊಂಡು ನೋಡುತ್ತೇನೆ, ಒಂದು ಕೆಂಪು ಸುತ್ತಿನ ಕೆಳಗೆ ಸಣ್ಣ ಅಕ್ಷರದಲ್ಲಿ ಏಕಾದಶಿ ಎಂದು ಅಚ್ಚಾಗಿದೆ. ಇನ್ನೊಂದರ ಕೆಳಗೆ ಸಂಕಷ್ಟಿ. ಉಳಿದವು ಸೋಮವಾರ, ಗುರುವಾರ. ಹಿಂದಿನ ತಿಂಗಳ ಹಾಳೆ ತೆಗೆದೆ, ಅಲ್ಲೂ ಅದೇ. ಉಂಡ ದಿನದ ಒಂದು ಮನೆಯಲ್ಲೂ ಕೆಂಪು ಇರಲಿಲ್ಲ.

ಏರಿದ್ದೆಲ್ಲ ಉಪವಾಸದ ದಿನವೇ! ಆದರೂ ಖಾತ್ರಿ ಮಾಡಿಕೊಳ್ಳದೆ ಬಾಯಿ ಬಿಡಬಾರದೆಂದು ಮರುದಿನ ಸೋಮವಾರದವರೆಗೆ ಕಾದೆ. ಖಿಚಡಿ ಬಡಿಸುವ ಮೊದಲು ಅತ್ತೆಯ ಬೆರಳಿಗೆ ಚುಚ್ಚಿದೆ. ನೂರಾ ಮೂವತ್ತೆರಡು. ತಿಂದು ಎರಡು ತಾಸಿನ ಮೇಲೆ ಚುಚ್ಚಿದೆ. ಇನ್ನೂರಾ ತೊಂಬತ್ತು.

ಕುಂಬಳಕಾಯಿ ಕಳ್ಳನನ್ನು ಹುಡುಕುತ್ತ ಹೊರಟವಳು ನನ್ನ ಹೆಗಲನ್ನೇ ಮುಟ್ಟಿ ನೋಡಿಕೊಳ್ಳುವ ಹಾಗಾಯಿತು. ಅವರ ಕಾಲಿನ ಗಾಯಕ್ಕೆ ವಾರಕ್ಕೆರಡು ಸಲ, ತುಪ್ಪ ಹಾಕಿ, ಪ್ರೀತಿಯಿಂದ ಉಣ್ಣಿಸುತ್ತಿದ್ದವಳು ನಾನೇ. ಡಬ್ಬಿಗೆ ದಾರ ಕಟ್ಟಿದ್ದು ನೆನಪಾಗಿ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಅಡುಗೆಮನೆಯಲ್ಲೇ ಕುಳಿತು ಎಲ್ಲವನ್ನೂ ಅತ್ತೆಗೆ ಹೇಳಿದೆ, ತಪ್ಪಾಯಿತು ಎಂದೂ ಹೇಳಿದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅತ್ತೆ ಬಹಳ ಹೊತ್ತು ತಾಟಿನಲ್ಲಿ ಉಳಿದಿದ್ದ ಕಾಳುಗಳನ್ನು ಬೆರಳಿನಿಂದ ಒಂದೊಂದಾಗಿ ಸರಿಸುತ್ತ ಕುಳಿತರು.

ಡಾಕ್ಟರಬಾಯಿ ಕೇಳಿ ಹಣೆಗೆ ಕೈ ಹಚ್ಚಿದರು. “ಶಾಬೂದಾಣಿ ಅಂದ್ರ ಬರೇ ಪಿಷ್ಟ್ರಿ ಅಕ್ಕೋರ, ಮ್ಯಾಲ ಬಟಾಟಿ, ಬಾಳಿಹಣ್ಣ. ಅದಕ್ಕಿಂತ ನಿಮ್ಮ ರೊಟ್ಟಿ ಪಲ್ಯಾ ಎಷ್ಟೋ ವಾಸಿ. ತಪ್ಪ ನಂದೂ ಐತಿ. ಉಪಾಸ ಅಂದ್ರಿ, ಉಪಾಸದಾಗ ಏನ ತಿಂತೀರಿ ಅಂತ ನಾ ಕೇಳಲಿಲ್ಲ.”

ಖಿಚಡಿ ಬಿಡುವುದು ಅತ್ತೆಗೆ ಕಷ್ಟವಾಗಲಿಲ್ಲ. ಸೋಮವಾರ, ಗುರುವಾರ, ಸಂಕಷ್ಟಿಗಳನ್ನು ಆ ಕ್ಷಣವೇ ಬಿಟ್ಟರು. ಏಕಾದಶಿಯನ್ನು ಮಾತ್ರ ಬಿಡಲಿಲ್ಲ. “ಖಿಚಡಿ ತಿನ್ನೂದಿಲ್ಲ, ಮುಗೀತಲ್ಲ? ಸೌತಿಕಾಯಿ ತಿಂತೀನಿ, ಮಜ್ಜಿಗಿ ಕುಡೀತೀನಿ,” ಎಂದರು. ನಾನು ಎದುರಾಡಲಿಲ್ಲ. ಒಮ್ಮೆ ತಪ್ಪು ಮಾಡಿದವಳಿಗೆ ಬಾಯಿ ಇರುವುದಿಲ್ಲ.

ಆ ಏಕಾದಶಿಯ ದಿನ ನಾಲ್ಕು ಗಂಟೆಗೆ ಶಾಲೆಯಿಂದ ಬಂದೆ. ಅತ್ತೆ ಹೊಸ್ತಿಲ ಮೇಲೆ ಕುಳಿತಿದ್ದರು. ಮೈತುಂಬ ಬೆವರು, ಕೈ ನಡುಗುತ್ತಿತ್ತು. ನನ್ನನ್ನು ನೋಡಿ ಯಾರು ಬೇಕು ಎಂದು ಕೇಳಿದರು. ಬೆಳಿಗ್ಗೆ ಗುಳಿಗೆ ನುಂಗಿದ್ದರು, ಸೌತೆಕಾಯಿ, ಮಜ್ಜಿಗೆ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಸಕ್ಕರೆ ಪಾತಾಳ ಕಂಡಿತ್ತು. ಓಡಿಹೋಗಿ ನಾನೇ ಕಟ್ಟಿದ್ದ ದಾರವನ್ನು ಹಲ್ಲಿನಿಂದ ಹರಿದು, ಡಬ್ಬಿ ತೆಗೆದು, ನೀರಿಗೆ ಸಕ್ಕರೆ ಕಲಸಿ ಬಾಯಿಗೆ ಹಿಡಿದೆ. ಸ್ವಲ್ಪ ಹೊತ್ತಿಗೆ ಕಣ್ಣಲ್ಲಿ ಗುರುತು ಮೂಡಿತು.

“ಏನ ಕುಡಿಸಿದಿ?” ಎಂದರು.

“ಸಕ್ರಿ ನೀರ.”

“ಇವತ್ತ ಏಕಾದಶಿ ಐತಲ್ಲ ಬೇ.”

ನಾನು ಜೋರಾಗಿ ಬೈದೆ. ಏನು ಬೈದೆನೋ ನೆನಪಿಲ್ಲ. ಬೈಯುತ್ತ ಬೈಯುತ್ತ ಅಳುವೇ ಬಂತು. ಅತ್ತೆ ತಮ್ಮ ಸೆರಗಿನಿಂದ ನನ್ನ ಮೂಗು ಒರೆಸಿದರು.

ಡಾಕ್ಟರಬಾಯಿ ಈ ಸಲ ಸಿಟ್ಟಾದರು. ಗುಳಿಗೆ ತಗೊಳ್ಳುವವರು ಹೊಟ್ಟೆ ಖಾಲಿ ಇಡುವಂತಿಲ್ಲ, ಗಾಯ ಮಾಯುವವರೆಗೆ ಉಪವಾಸದ ಹೆಸರು ಎತ್ತುವಂತಿಲ್ಲ, ಹೊತ್ತು ಹೊತ್ತಿಗೆ ಊಟವಾಗಬೇಕು ಎಂದರು. ಹದಿನೈದು ದಿನ ನೋಡುತ್ತೇನೆ, ಆಮೇಲೆ ಬೆರಳಿನ ವಿಚಾರ ಮಾಡುತ್ತೇನೆ ಎಂದರು. ಹದಿನೈದು ದಿನವೆಂದರೆ ನಡುವೆ ಒಂದು ಏಕಾದಶಿ ಬಂದೇ ಬರುತ್ತದೆ. ಆ ಏಕಾದಶಿಯ ಸುದ್ದಿಯನ್ನು ಅತ್ತೆಯೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಇಪ್ಪತ್ತೆರಡು ವರ್ಷದ ನೇಮ ಮುರಿಯಿರಿ ಎಂದು ಹೇಳಲು ನಾನು ಯಾರು? ಹೇಳದಿದ್ದರೆ ಆ ಕಾಲಿಗೆ ಗತಿ ಯಾರು?

ಏಕಾದಶಿಯ ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದೆ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ದಿನಾ ಕೇಳುವ ಸಪ್ಪಳವೇ, ಆದರೆ ನಾನು ಆ ಮನೆಗೆ ಬಂದ ಮೇಲೆ ಏಕಾದಶಿಯಂದು ಒಮ್ಮೆಯೂ ಕೇಳಿರಲಿಲ್ಲ. ಹಿತ್ತಲಲ್ಲಿದ್ದ ಮಾವನೂ ಎಮ್ಮೆ ಬಿಟ್ಟು ಬಂದು ಬಾಗಿಲಲ್ಲಿ ನಿಂತರು. ಒಲೆಯ ಮುಂದೆ ಅತ್ತೆ ಸ್ನಾನ ಮಾಡಿ, ಹಣೆಗೆ ವಿಠ್ಠಲನ ಕರಿ ಪುಡಿ ಬುಕ್ಕಾ ಹಚ್ಚಿಕೊಂಡು, ಕೊರಳಲ್ಲಿ ಮಾಲೆ ಇಟ್ಟುಕೊಂಡೇ ರೊಟ್ಟಿ ಬಡಿಯುತ್ತಿದ್ದರು.

ಮಾವ ಕೆಮ್ಮಿದರು. “ದಿಂಡಿ ನಡಸೂ ಮಹಾರಾಜರನ್ನ ಒಂದ ಮಾತ ಕೇಳಬೇಕಿತ್ತಲ್ಲ?”

“ಕಾಲ ಅವರ್ದಲ್ಲ,” ಎಂದರು ಅತ್ತೆ.

ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರಿ, ನಮ್ಮಿಬ್ಬರ ಕಡೆಗೂ ನೋಡದೆ ಹೇಳಿದರು. “ವಿಠ್ಠಲಗ ನಾ ಎರಡ ಮಾತ ಕೊಟ್ಟಿದ್ದೆ. ಏಕಾದಶಿ ಹಿಡೀತೀನಿ ಅಂದಿದ್ದೆ, ನಡಕೋಂತ ಬರ್ತೀನಿ ಅಂದಿದ್ದೆ. ಈಗ ಎರಡೂ ನಡಸೂದು ನನ್ನ ಕಡಿಂದ ಆಗೂದಿಲ್ಲ. ನಡಿಯೂದು ಇಟಗೊಂಡೀನಿ.”

ತಾಟು ಹಾಕಿಕೊಂಡು ಕುಳಿತರು. ಮೊದಲು ಹಕ್ಕರಿಕೆ, ಆಮೇಲೆ ಪಲ್ಯ, ಬೇಳೆ, ಅದೇ ಸರತಿ. ರೊಟ್ಟಿಯ ಮೊದಲ ತುಂಡು ಮುರಿದು ಬಾಯಿಗಿಟ್ಟರು. ಕಣ್ಣೀರು ಗಲ್ಲದಿಂದ ಜಾರಿ ತಾಟಿಗೆ ಬೀಳುತ್ತಿದ್ದರೂ ಅಗಿಯುವುದನ್ನು ನಿಲ್ಲಿಸಲಿಲ್ಲ. ಗುಡಿಯ ಮೆಟ್ಟಿಲು ಹತ್ತುವಷ್ಟು ನಿಧಾನವಾಗಿ, ಒಂದು ರೊಟ್ಟಿಯನ್ನು ಕೊನೆಯ ಚೂರಿನವರೆಗೂ ತಿಂದರು. ದೊಡ್ಡ ದೊಡ್ಡ ಪೂಜೆಗಳನ್ನು ನಾನು ನೋಡಿದ್ದೇನೆ. ಅಂಥ ಭಕ್ತಿಯನ್ನು ಮಾತ್ರ ಮತ್ತೆಲ್ಲೂ ನೋಡಿಲ್ಲ. ನಾನು ಕಸಬರಿಗೆ ಹಿಡಿದು ನಿಂತವಳು ಅದನ್ನು ಕೆಳಗಿಡುವುದನ್ನೂ ಮರೆತಿದ್ದೆ.

ಎರಡು ತಾಸಿನ ಮೇಲೆ ಬೆರಳು ಕೊಟ್ಟು ಕಣ್ಣು ಮುಚ್ಚಿದರು. “ಏನಂತಾನ?”

“ನೂರಾ ನಲವತ್ತಾರ.”

ಅತ್ತೆ ಕಣ್ಣು ತೆರೆದು ತಾವೇ ಅಂಕಿಯನ್ನು ಓದಿಕೊಂಡರು. ಆಮೇಲೆ ಬೇರೆ ಏನೂ ತೋಚದೆ ಆ ಯಂತ್ರಕ್ಕೆ ಕೈ ಮುಗಿದರು.

ಹದಿನೈದನೆಯ ದಿನ ಡಾಕ್ಟರಬಾಯಿ ಪಟ್ಟಿ ಬಿಚ್ಚಿ ನೋಡಿ, ಇನ್ನೊಂದು ತಿಂಗಳು ನೋಡೋಣ ಎಂದರು. ಬೆರಳು ತೆಗೆಯುವ ಮಾತು ಮತ್ತೆ ಬರಲಿಲ್ಲ. ಗಾಯ ತೊಳೆಯುವ ಕೆಲಸ ನನ್ನದಾಗಿತ್ತು. ದಿನಾ ಅದೇ ಹೊತ್ತಿಗೆ ಅದೇ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದೆ. ಒಂದು ದಿನ ಅಂಚಿನಲ್ಲಿ ಜೋಳದ ಕಾಳಿನಷ್ಟು ತೆಳು ಗುಲಾಬಿ ಚರ್ಮ ಕಂಡಿತು. ನಾಲ್ಕು ದಿನದ ಮೇಲೆ ಇನ್ನಷ್ಟು. ಒಲೆಯ ಮೇಲೆ ಬೆಂದ ರೊಟ್ಟಿ, ಹೊಲದ ಬದುವಿನ ಸೊಪ್ಪು, ಇವು ಒಳಗೆ ಹೋಗಿ ಎಲ್ಲಿಂದೆಲ್ಲಿಗೋ ದಾರಿ ಹುಡುಕಿಕೊಂಡು ಕಾಲಿನ ತುದಿಗೆ ಬಂದು ಚರ್ಮ ಹೆಣೆಯುತ್ತಿದ್ದವು. ಔಷಧವೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೂ ನನ್ನ ಕಣ್ಣೆದುರಿಗೆ ನಡೆದದ್ದನ್ನು ನೋಡಿ ನಾನು ದಿನದಿನವೂ ದಂಗಾಗುತ್ತಿದ್ದೆ. ಬೇಸಿಗೆ ಮುಗಿಯುವಷ್ಟರಲ್ಲಿ ಗಾಯ ಪೂರ್ತಿ ಮುಚ್ಚಿತು.

ಆ ವರ್ಷ ಡಾಕ್ಟರಬಾಯಿ ಬಿಡಲಿಲ್ಲ. ದಿಂಡಿ ಅತ್ತೆಯನ್ನು ಬಿಟ್ಟು ಹೋಯಿತು. ಅತ್ತೆ ಹದಿನಾಲ್ಕು ದಿನವೂ ಅಂಗಳದಲ್ಲಿ ಸುತ್ತು ಹಾಕಿದರು. ಮರುವರ್ಷ ಒಪ್ಪಿಗೆ ಸಿಕ್ಕಿತು, ಆದರೆ ಕರಾರುಗಳ ಮೇಲೆ. ಬರಿಗಾಲಿಲ್ಲ, ಮೆತ್ತನೆಯ ಬೂಟು ಮತ್ತು ಕಾಲುಚೀಲ. ಅರ್ಧ ದಿನ ನಡಿಗೆ, ಅರ್ಧ ದಿನ ಸಾಮಾನಿನ ಟೆಂಪೋ. ದಿನಾ ಸಂಜೆ ಅಂಗಾಲು ನೋಡಿಕೊಳ್ಳಬೇಕು. ಊಟ, ಗುಳಿಗೆ ಹೊತ್ತು ಮೀರಬಾರದು. ಹದಿನಾಲ್ಕು ದಿನ ಗುಳಿಗೆ ನುಂಗುತ್ತ ನಡೆಯುವವರಿಗೆ ಏಕಾದಶಿಯೂ ಇಲ್ಲ, ದ್ವಾದಶಿಯೂ ಇಲ್ಲ. ಅತ್ತೆ ಎಲ್ಲಕ್ಕೂ ಹೂಂ ಅಂದರು. ಒಂಬತ್ತು ಗಜದ ಸೀರೆಯ ಕೆಳಗೆ ಬಿಳಿ ಬೂಟು ಕಂಡು ಮಾವ, ಪೊಲೀಸ್ ಭರ್ತಿಗೆ ಹೊಂಟಿಯೇನ ಎಂದು ಕೇಳಿದರು.

ಕಾಗವಾಡದ ಮೇಲೆ ಹಾದು ಮೀರಜದ ಕಡೆಗೆ ಹೋಗುವ ಆ ದಿಂಡಿ ಹೊರಡುವುದು ಏಕಾದಶಿಯಂದೇ. ನಾನು ಶಾಲೆಗೆ ಒಂದು ದಿನ ರಜೆ ಹಾಕಿ ಮೊದಲ ದಿನದ ಮಟ್ಟಿಗೆ ಜೊತೆಗೆ ನಡೆದೆ. ಮಳೆ ಹನಿದು ನಿಂತಿತ್ತು. ಮಧ್ಯಾಹ್ನ ಒಂದು ಊರಿನ ಶಾಲೆಯ ಅಂಗಳದಲ್ಲಿ ತಂಗಿದೆವು. ಊರವರು ದೊಡ್ಡ ಪಾತೇಲಿಗಳಲ್ಲಿ ಶಾಬೂದಾಣಿ ಖಿಚಡಿ ತಂದಿಟ್ಟಿದ್ದರು, ಬುಟ್ಟಿ ತುಂಬ ಬಾಳೆಹಣ್ಣು ಬೇರೆ. ಎಲ್ಲರೂ ಪಂಕ್ತಿ ಹಿಡಿದು ಕುಳಿತರು. ಅತ್ತೆ ನನಗೆ ಕಣ್ಸನ್ನೆ ಮಾಡಿ, ಚೀಲ ತೆಗೆದುಕೊಂಡು, ಟೆಂಪೋದ ಹಿಂದೆ ಮರೆಗೆ ನಡೆದರು. ಮನೆಯೊಳಗೆ ರೊಟ್ಟಿ ತಿನ್ನುವುದು ಬೇರೆ, ಮಾಳ ಹಾಕಿದ ಇನ್ನೂರು ಜನರ ನಡುವೆ ಏಕಾದಶಿಯಂದು ತಿನ್ನುವುದು ಬೇರೆ. ಯಾರಾದರೂ ಕಂಡರೆ ಏನು ಅನ್ನುತ್ತಾರೋ, ದಿಂಡಿಯಿಂದಲೇ ಹೊರಗೆ ಹಾಕುತ್ತಾರೋ ಎಂದು ನನಗೆ ಭಯ. ಸೆರಗು ಹರಡಿ ಅವರಿಗೆ ಅಡ್ಡವಾಗಿ ನಿಂತೆ.

ಅತ್ತೆ ಬುತ್ತಿ ಬಿಚ್ಚಿ ಸೊಪ್ಪು ತಿಂದು ರೊಟ್ಟಿಗೆ ಕೈ ಹಾಕಿದ್ದರು. ಅಷ್ಟರಲ್ಲಿ ಟೆಂಪೋದ ಆ ಬದಿಯಿಂದ ಒಬ್ಬ ಮುದುಕಿ ಬಂದೇಬಿಟ್ಟರು. ಹಣೆಯ ಮೇಲೆ ಬುಕ್ಕಾ, ಕೊರಳಲ್ಲಿ ಮಾಲೆ. ತಾಟಿನಂತೆ ಹರಡಿದ್ದ ಬಟ್ಟೆಯನ್ನೂ ರೊಟ್ಟಿಯನ್ನೂ ನೋಡಿದರು. ನಾನು ಏನೋ ನೆಪ ಹೇಳಲು ಬಾಯಿ ತೆರೆದೆ. ಆಕೆ ನನ್ನನ್ನು ಲಕ್ಷಿಸಲೇ ಇಲ್ಲ.

“ನಿಮಗೂ ಸಕ್ರಿ ಐತೇನ್ರಿ?” ಎಂದು ಅತ್ತೆಯನ್ನು ಕೇಳಿದರು.

“ಐತ್ರಿ. ನಿಮಗ?”

“ಮೂರ ವರ್ಷ ಆತ್ರಿ. ಹ್ವಾದ ವರ್ಷ ಇದ ಏಕಾದಶಿ ದಿನ ದಾರಿಮ್ಯಾಲ ಚಕ್ಕರ ಬಂದ ಬಿದ್ದಿದ್ದೆ. ಯಾರಿಗೂ ಹೇಳಿಲ್ಲ.”

ಅತ್ತೆ ಸರಿದು ಜಾಗ ಮಾಡಿದರು. ಆಕೆ ಕುಳಿತ ಮೇಲೆ ಇನ್ನೊಬ್ಬರು ಇಣುಕಿದರು, ಅವರ ಹಿಂದೆ ಮತ್ತೊಬ್ಬರು. ಖಿಚಡಿಯ ಪಂಕ್ತಿಯಿಂದ ಎದ್ದು, ಕಾಲು ನೋವು, ನೀರು ಬೇಕು ಎಂದು ಒಂದೊಂದು ನೆಪ ಹೇಳಿಕೊಂಡು ಬಂದವರು. ಇಷ್ಟು ವರ್ಷ ಒಬ್ಬರ ಹಿಂದೆ ಒಬ್ಬರು ನಡೆದಿದ್ದರು, ಒಬ್ಬರ ಕಾಯಿಲೆ ಒಬ್ಬರಿಗೆ ಗೊತ್ತಿರಲಿಲ್ಲ. ನಾನು ಅಡ್ಡ ಹಿಡಿದಿದ್ದ ಸೆರಗನ್ನು ಬಿಟ್ಟೆ. ಅತ್ತೆ ಸಂಜೆಗೆಂದು ಇಟ್ಟಿದ್ದ ರೊಟ್ಟಿಗಳನ್ನೂ ತೆಗೆದು ಮುರಿದು, ಒಬ್ಬೊಬ್ಬರಿಗೆ ಮೊದಲು ಸೊಪ್ಪು, ಆಮೇಲೆ ಪಲ್ಯ, ಆಮೇಲೆ ರೊಟ್ಟಿ ಎಂದು ಸರತಿ ಹೇಳಿ ಕೊಡುತ್ತಿದ್ದರು. ನನ್ನ ಅತ್ತೆಯನ್ನು ಆ ಹೊತ್ತಿನಲ್ಲಿ ನೋಡಬೇಕಿತ್ತು. ನನ್ನ ಇಡೀ ಮಾಸ್ತರಿಕೆಯಲ್ಲಿ ನಾನು ಅಷ್ಟು ಚೆಂದ ಪಾಠ ಹೇಳಿಲ್ಲ.

ಕೊನೆಗೆ ಬಂದವರು ಎಲ್ಲರಿಗಿಂತ ಹಿರಿಯರು. ಹತ್ತಿರ ಬಂದವರು ಕೂರಲಿಲ್ಲ, ಮಾಲೆ ಹಿಡಿದುಕೊಂಡು ನಿಂತೇ ಇದ್ದರು. ಕಣ್ಣು ಮಾತ್ರ ರೊಟ್ಟಿಯ ಮೇಲಿತ್ತು.

“ಏಕಾದಶಿ ಐತಲ್ಲ ಯವ್ವಾ. ಪಾಪ ಬರೂದಿಲ್ಲೇನ?”

ಅತ್ತೆ ಬೂಟು ಹಾಕಿದ ಕಾಲನ್ನು ಮುಂದೆ ಚಾಚಿ, ಬಾಯಲ್ಲಿದ್ದದ್ದನ್ನು ಪೂರ್ತಿ ಅಗಿದು ನುಂಗಿ ಹೇಳಿದರು.

“ಬಂದ್ರ ಬರ್ಲಿ ಬಿಡ್ರಿ. ಅದನ್ನೂ ನಮ್ಮ ಜೋಡಿ ಪಂಢರಪುರತನಕ ನಡಸೂಣು.”

ಆ ಅಜ್ಜಿಗೆ ನಗು ಬಂತು. ಮಾಲೆ ಬಿಟ್ಟು, ಅತ್ತೆಯ ಹೆಗಲಿಗೆ ಕೈ ಊರಿ ಪಕ್ಕದಲ್ಲಿ ಕುಳಿತು, ಅಂಗೈ ಮುಂದೆ ಮಾಡಿದರು.